ಮಸಿ ಬಳಿದ ಲಂಗ

ಎಂಬತ್ತರ ದಶಕದ ಮಧ್ಯದ ಮಾತು. ನಾವು ಮಂಗಳೂರಿನಿಂದ ಜಿದ್ದಾಕ್ಕೆ ಬಂದು ಎರಡು ತಿಂಗಳಾಗಿತ್ತಷ್ಟೆ. ಗಂಡನ ಕಂಪೆನಿಯ ಕಾಂಪೌಂಡಿನಲ್ಲಿ ಮನೆ. ಎರಡು ಮನೆ ಆಚೆ ಒಬ್ಬ ಇಂಗ್ಲಿಷ್ ಹೆಂಗಸು ತನ್ನ ಮನೆಯ ಹಜಾರದ ಪರದೆ ಎಳೆದು ಅಲ್ಲಿಯ ಹುಡುಗಿಯರಿಗೆ ಬ್ಯಾಲೆ ಕಲಿಸುತ್ತಿದ್ದಳು. ಎಂಟು ವರ್ಷದ ನನ್ನ ಮಗಳಿಗೆ ಅದರದ್ದೇ ಹುಚ್ಚು. ಹಲ್ಲುಜ್ಜುವಾಗಲೂ ತುದಿಗಾಲಲ್ಲಿ ನಿಲ್ಲುತ್ತಿದ್ದಳು. ನಾನು ಬೈಯುತ್ತಿದ್ದೆ. ಬೈಯುವುದಕ್ಕೆ ನನಗೆ ದೊಡ್ಡ ಕಾರಣವೇನೂ ಬೇಕಾಗುತ್ತಿರಲಿಲ್ಲ.

ಅವಳ ಬಟ್ಟೆಯ ವಿಷಯದಲ್ಲಂತೂ ನಾನು ಇನ್ನೂ ಕೆಟ್ಟವಳು. ಸೌದಿಯಲ್ಲಿ ಹೇಗೋ ಏನೋ ಎಂದು ಹೆದರಿ, ಹೊರಡುವ ಮುಂಚೆಯೇ ಅವಳ ಅಷ್ಟೂ ಫ್ರಾಕುಗಳ ಅಂಚು ಬಿಚ್ಚಿ ಉದ್ದ ಮಾಡಿದ್ದೆ. ಆದರೂ ಅವಳು ಎದುರಿಗೆ ಹಾದುಹೋದರೆ ಸಾಕು, ನನ್ನ ಕೈ ತಾನಾಗಿಯೇ ಹೋಗಿ ಫ್ರಾಕನ್ನು ಮೊಣಕಾಲ ಕೆಳಕ್ಕೆ ಎಳೆಯುತ್ತಿತ್ತು.

ತಾಯಂದಿರ ಎದುರು ಮಕ್ಕಳು ಕುಣಿದು ತೋರಿಸುವ ದಿನ ಗೊತ್ತಾಯಿತು. ಟೀಚರ್ ಒಂದು ಪತ್ರಿಕೆ ಕಳಿಸಿ, ಕೊನೆಯ ಚಿತ್ರದಲ್ಲಿರುವ ಹಾಗೆ ಹೊಲಿದು ತನ್ನಿ ಎಂದಳು. ಟುಟು ಎಂಬ ಆ ಲಂಗದ ಚರಿತ್ರೆಯೇ ಅದರಲ್ಲಿತ್ತು. ನನ್ನ ಇಂಗ್ಲಿಷ್ ನಿಧಾನ, ಬೆರಳಿಟ್ಟು ಓದಿದೆ. ನೂರೈವತ್ತು ವರ್ಷದ ಹಿಂದೆ ಅದು ಮೀನಖಂಡದವರೆಗೆ ಇಳಿಯುವ ಬಿಳಿ ಗಂಟೆಯಂತಿತ್ತಂತೆ. ಕಾಲಿನ ಕೆಲಸ ಜನರಿಗೆ ಕಾಣಲಿ ಎಂದು ಮೊಟಕಾಗುತ್ತಾ ಹೋಗಿ, ಕಡೆಗೆ ಸೊಂಟದ ಸುತ್ತ ತಟ್ಟೆಯ ಹಾಗೆ ಅಡ್ಡಕ್ಕೆ ನಿಂತಿತಂತೆ. ಹಳೆಯ ಕಾಲದಲ್ಲಿ ರಂಗದ ಗ್ಯಾಸ್ ದೀಪ ತಾಗಿ, ಆ ತೆಳು ಬಟ್ಟೆ ಹೊತ್ತಿ, ಕುಣಿಯುತ್ತಿದ್ದ ಹುಡುಗಿಯರು ಸುಟ್ಟು ಸತ್ತದ್ದೂ ಉಂಟಂತೆ. ಅಂಥ ಬಟ್ಟೆಯನ್ನು ಆಮೇಲೂ ತೊಟ್ಟರಲ್ಲ ಎಂದು ಸಿಟ್ಟು ಬಂತು.

ಚಿತ್ರಗಳು ಮಾತ್ರ ನನಗೆ ಹಿಡಿಸಿದವು. ಮೊದಲನೆಯದರಲ್ಲಿ ಭುಜದ ಮೇಲೆ ಒಂದು ಕಪ್ಪು ಶಾಲು. ಎರಡನೆಯದರಲ್ಲಿ ಲಂಗ ಮೇಲೇರಿತ್ತು, ಕೆಳಗೆ ಕಪ್ಪು ಕಾಲುಚೀಲ. ಕೊನೆಯದರಲ್ಲಿ ಬಿಳಿ ತಟ್ಟೆಯ ಕೆಳಗೆ ಪಾದದವರೆಗೂ ಕಪ್ಪು ಪೈಜಾಮ, ಮಣಿಕಟ್ಟಿನವರೆಗೆ ಕಪ್ಪು ತೋಳು. ಒಂದು ಕಡೆ ಬಿಟ್ಟದ್ದನ್ನು ಇನ್ನೊಂದು ಕಡೆ ಮುಚ್ಚಿದ್ದಾರೆ, ಮರ್ಯಾದಸ್ಥರು ಎಂದುಕೊಂಡೆ.

ಗಂಡನ ಜೊತೆ ಶರಫಿಯಾ ಪೇಟೆಗೆ ಹೋಗಿ ನೆಟ್ ಬಟ್ಟೆ ಕೇಳಿದರೆ, ಉಡುಪಿ ಕಡೆಯ ಬ್ಯಾರಿ ಅಂಗಡಿಯವರು ನಕ್ಕರು. "ಎಂತ ಬಾಯಮ್ಮ, ನಿಮಗೂ ನೆಟ್ಟಾ? ಇಲ್ಲಿಯ ಹೆಂಗಸರು ಮದುವೆಗೆಲ್ಲ ಇದನ್ನೇ ತೆಗೊಂಡು ಹೋಗುದು. ಮೈಗೆ ಬಿಗಿ ರವಿಕೆ, ಕೆಳಗೆ ಬುಗ್ಗೆ ಹಾಗೆ ಲಂಗ."

"ಇವರಾ? ಈ ಕಪ್ಪು ನಿಲುವಂಗಿಯ ಒಳಗಾ?"

"ಮದುವೆಯಲ್ಲಿ ಹೆಂಗಸರಿಗೇ ಬೇರೆ ಹಾಲ್ ಅಲ್ವಾ. ಅಲ್ಲಿ ಅಬಾಯ ತೆಗೀತಾರೆ."

ಬೀದಿಯಲ್ಲಿ ಹೋಗುತ್ತಿದ್ದ ಕರಿ ಅಬಾಯಗಳನ್ನು ಬಾಯಿ ಬಿಟ್ಟು ನೋಡಿದೆ. ನಾಚಿಕೆಯಾಗಿ ಮತ್ತೆ ನೋಡಲಿಲ್ಲ.

ಹತ್ತು ದಿನ ಹೊಲಿಗೆ ಮಿಷನ್ ತುಳಿದೆ. ಎಂಟು ಪದರ ನೆಟ್, ಪ್ರತಿ ಪದರಕ್ಕೂ ನೆರಿಗೆ. ಕೆಳಗೆ ಬೀಳದಂತೆ ಒಳಗಿಂದ ಟಾಕು ಹಾಕಿ ನಿಲ್ಲಿಸಿದೆ. ಕಪ್ಪು ಪೈಜಾಮ, ಕಪ್ಪು ತೋಳು ಎರಡನ್ನೂ ಬಿಗಿಯಾಗಿ ಕೂಡಿಸಿದೆ. ತೊಡಿಸಿದಾಗ ಮಗಳು ಪತ್ರಿಕೆಯನ್ನು ನೋಡಿದಳು, ನನ್ನ ಮುಖ ನೋಡಿದಳು.

"ಹೀಗೇ ಹಾಕಬೇಕಾ ಮಮ್ಮಿ?"

"ಚಿತ್ರದಲ್ಲಿ ಹೇಗುಂಟೋ ಹಾಗೇ ಹೊಲಿದದ್ದು. ಸುಮ್ಮನೆ ನಿಲ್ಲು."

ಅವಳು ಸುಮ್ಮನೆ ನಿಂತಳು. ವಾರವಿಡೀ ಸುಮ್ಮನೇ ಇದ್ದಳು. ತುದಿಗಾಲಲ್ಲಿ ನಿಲ್ಲುವುದನ್ನೂ ಬಿಟ್ಟಿದ್ದಳು. ನಾನು ಅದನ್ನು ಗಮನಿಸಿದ್ದೆ, ನೆಮ್ಮದಿಯನ್ನೂ ಪಟ್ಟಿದ್ದೆ.

ಆ ದಿನ ಟೀಚರ್ ಮನೆಯ ಬಾಗಿಲು ದಾಟಿದವಳು ಹಾಗೇ ನಿಂತುಬಿಟ್ಟೆ. ಆರು ಹುಡುಗಿಯರು, ಬಿಳಿ ಲಂಗ, ಬರಿ ತೋಳು, ತೆಳು ಬಿಳಿ ಕಾಲುಚೀಲದೊಳಗೆ ಕಾಣುವ ಕಾಲುಗಳು. ನನ್ನ ಕೈ ಬಿಟ್ಟು ಅವರ ನಡುವೆ ಹೋಗಿ ನಿಂತ ನನ್ನ ಮಗಳು, ತೋಳೂ ಕಪ್ಪು, ಕಾಲೂ ಕಪ್ಪು, ನಡುವೆ ಮಾತ್ರ ಬಿಳಿ. ತಾಯಂದಿರೆಲ್ಲ ತಿರುಗಿ ನೋಡಿದರು. ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಅಯ್ಯೋ, ಚಿತ್ರದಲ್ಲಿದ್ದ ಆ ಕಪ್ಪು ಬರಿ ಮಸಿ," ಎಂದಳು ಇಂಗ್ಲಿಷಿನಲ್ಲಿ. "ಹೊರಗಿಂದ ಬರುವ ಪತ್ರಿಕೆಗಳಲ್ಲಿ ಹೆಂಗಸರ ಕೈಕಾಲಿಗೆಲ್ಲ ಇಲ್ಲಿಯ ಸೆನ್ಸಾರಿನವರು ಮಸಿ ಬಳಿಯುತ್ತಾರೆ. ನೋಡಿ ನೋಡಿ ನನಗೆ ಅದು ಕಾಣುವುದೇ ಇಲ್ಲ. ಹೇಳಲು ಮರೆತೆ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಗಳನ್ನು ಬಚ್ಚಲುಮನೆಗೆ ಎಳೆದುಕೊಂಡು ಹೋದೆ. ಟೀಚರ್ ಕತ್ತರಿಯನ್ನೂ ಒಂದು ಜೊತೆ ಬಿಳಿ ಕಾಲುಚೀಲವನ್ನೂ ಕೊಟ್ಟು, ಹೊರಗಿಂದ ಬಾಗಿಲು ಎಳೆದುಕೊಂಡಳು. ಹತ್ತು ದಿನದ ಹೊಲಿಗೆಯನ್ನು ಕರಕರ ಕತ್ತರಿಸಿದೆ.

"ನನಗೆ ಗೊತ್ತಿರಲಿಲ್ಲ ಮಗಾ, ಅದು ಮಸಿ ಅಂತ."

ಮಗಳು ನನ್ನನ್ನೇ ನೋಡಿದಳು. "ನನಗೆ ಗೊತ್ತಿತ್ತು. ನೀನೇ ಬಳಿದದ್ದು ಅಂದುಕೊಂಡೆ."

"ನಾನಾ?"

"ಹೊಲಿಗೆ ಡಬ್ಬಿಯಲ್ಲಿ ದಪ್ಪ ಕಪ್ಪು ಪೆನ್ನು ಉಂಟಲ್ಲ."

ಊರಿನಿಂದ ಬರುವಾಗ ಪೆಟ್ಟಿಗೆಗಳ ಮೇಲೆ ವಿಳಾಸ ಬರೆದ ಪೆನ್ನು ಅದು. ಬೈಯಲು ಬಾಯಿ ತೆರೆದವಳು ಕತ್ತರಿ ಕೆಳಗಿಟ್ಟೆ. ನನ್ನ ಕೂಸು ಒಂದು ವಾರ ಪೂರ್ತಿ, ಅಮ್ಮ ರಾತ್ರಿ ಕೂತು ಪುಟಪುಟಕ್ಕೂ ಮಸಿ ಬಳಿದಿದ್ದಾಳೆಂದು ನಂಬಿ, ಆ ಬಟ್ಟೆಯೊಳಗೆ ಸುಮ್ಮನೆ ನಿಂತಿತ್ತು. ಆಶ್ಚರ್ಯಪಟ್ಟಂತೆಯೂ ಇರಲಿಲ್ಲ. ಫ್ರಾಕುಗಳ ಅಂಚು ಬಿಚ್ಚಿದವಳು ಇದನ್ನೂ ಮಾಡಿಯಾಳು ಎಂದುಕೊಂಡಿರಬೇಕು.

ಹೊರಗೆ ಕ್ಯಾಸೆಟ್ ಹಾಕಿದರು. ಕಾಲುಚೀಲ ಏರಿಸಿ ಅವಳನ್ನು ಬಾಗಿಲಿನತ್ತ ತಿರುಗಿಸಿದೆ. ಅಷ್ಟರಲ್ಲಿ ನನ್ನ ಕೈ ತಾನಾಗಿಯೇ ಹೋಗಿ ಲಂಗದ ಅಂಚು ಹಿಡಿದು ಕೆಳಕ್ಕೆ ಎಳೆಯಿತು. ಬಿಟ್ಟ ಕೂಡಲೇ ಅದು ಮತ್ತೆ ಅಡ್ಡಕ್ಕೆ ನಿಂತಿತು. ಕೆಳಗೆ ಬೀಳದಂತೆ ಟಾಕು ಹಾಕಿದವಳು ನಾನೇ.

ಮಗಳು ತಲೆ ತಗ್ಗಿಸಿ ನನ್ನ ಕೈಯನ್ನು ನೋಡುತ್ತಾ ನಿಂತಿದ್ದಳು, ನಾನು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವವರೆಗೂ.