ಹೀಟ್ ಬೇಡ ಎಂದರು, ನಾನು ಬದನೆಕಾಯಿ ಬಿಟ್ಟೆ

ಮೊಮ್ಮಗಳು ಹುಟ್ಟಿದ ಹದಿನೆಂಟನೆಯ ದಿನ ನನ್ನ ನಾಲಿಗೆ ತೊದಲಿತು. ಬೆಳಗಿನ ಹತ್ತು ಗಂಟೆ ಇರಬೇಕು. ಬಾಣಂತಿ ಕೋಣೆಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ಮಗಳು ರೇಣುಕಾ ಏನೋ ಕೇಳಿದಳು. ನಾನು ಉತ್ತರ ಕೊಟ್ಟೆ ಎಂದುಕೊಂಡೆ. ಕೊಟ್ಟಿರಲಿಲ್ಲವಂತೆ. ರೆಪ್ಪೆ ಎತ್ತಲು ಆಗುತ್ತಿರಲಿಲ್ಲ.

ಕೂಸು ತೊಡೆಯಿಂದ ಜಾರಿತು.

ರೇಣುಕಾ ತಾನು ಮಲಗಿದ್ದ ಹೊರಸಿನಿಂದ ಎಗರಿ ಬಂದು ಹಿಡಿದಳು. ಪಕ್ಕದಲ್ಲೇ ಕೆಂಡ ತುಂಬಿದ ಶೆಗಡಿ ಇತ್ತು. ಅವಳು ಹಿಡಿಯದಿದ್ದರೆ ಏನಾಗುತ್ತಿತ್ತು ಎಂದು ಬರೆಯಲು ನನ್ನಿಂದ ಆಗುವುದಿಲ್ಲ.

ಮದುವೆಯಾಗಿ ಏಳು ವರ್ಷದ ಮೇಲೆ ಮಗಳ ಹೊಟ್ಟೆಯಲ್ಲಿ ಹುಟ್ಟಿದ ಕೂಸು ಅದು. ಹುಟ್ಟಿದ ದಿನ ರಾಜೂರಿನ ನಮ್ಮ ಓಣಿಯಲ್ಲಿ ನಾನು ಪೇಡೆ ಕೊಡದ ಮನೆ ಇಲ್ಲ, ಮಾತು ಬಿಟ್ಟವರ ಬಾಗಿಲಿಗೂ ಬೆನ್ನು ಹಿಡಿದುಕೊಂಡೇ ಹೋಗಿ ಬಾಯಿಗೆ ಹಾಕಿ ಬಂದೆ. ಮೂಗು ನನ್ನದೇ. ಯಾರು ಇಲ್ಲ ಎಂದರೂ ಮೂಗು ನನ್ನದೇ.

ನನಗೆ ಎದೆಯ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಗಿ ಎರಡು ವರ್ಷಕ್ಕೆ ಅದು ಬೆನ್ನೆಲುಬಿಗೆ ಬಂತು. ಮಗ್ಗುಲು ಹೊರಳಬೇಕಾದರೆ ಇಬ್ಬರು ಹಿಡಿಯಬೇಕಿತ್ತು. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಮೊದಲು ಮಾರ್ಫಿನ್ ಗುಳಿಗೆ ಕೊಟ್ಟರು. ನೋವು ಇಳಿಯಿತು, ಆದರೆ ಹೊಟ್ಟೆಯಲ್ಲಿ ನೀರೂ ನಿಲ್ಲಲಿಲ್ಲ. ಆಮೇಲೆ ಫೆಂಟಾನಿಲ್ ಪ್ಯಾಚ್ ಬರೆದುಕೊಟ್ಟರು. ನಾವು ಪಟ್ಟಿ ಎನ್ನುತ್ತೇವೆ. ಗಾಯಕ್ಕೆ ಅಂಟಿಸುವ ಪಟ್ಟಿಯ ಹಾಗೇ ಇರುತ್ತದೆ. ಒಂದು ಹಚ್ಚಿದರೆ ಮೂರು ದಿನ.

ನನಗೆ ಅದರ ಮೇಲೆ ಮೊದಲಿನಿಂದಲೂ ಸಂಶಯ. ನುಂಗದ ಔಷಧ, ಚುಚ್ಚದ ಔಷಧ, ಬೆರಳಿನಷ್ಟು ಪ್ಲಾಸ್ಟಿಕ್ಕು ಒಳಗಿನ ಎಲುಬಿನ ನೋವನ್ನು ಹೇಗೆ ತೆಗೆಯುತ್ತದೆ? ಓಣಿಯಲ್ಲಿ ಯಾರೋ ಅದು ಅಫೀಮಿನ ಜಾತಿಯದು ಎಂದರು. ಮುಂದಿನ ಸಲ ಡಾಕ್ಟರನ್ನೇ ಕೇಳಿದೆ.

“ಇದು ನಶಾ ಏರ್ತೈತಂತ, ಖರೇ ಏನ್ರಿ?”

“ಜಾತಿ ಅದರದ ಐತ್ರಿ ಅಮ್ಮಾ, ಸುಳ್ಳು ಯಾಕ ಹೇಳ್ಲಿ. ನೋವಿಗೆ ನಾವು ಹೇಳಿದಷ್ಟ ಹಚ್ಚಿಕೊಂಡ್ರ ಔಷಧ. ಒಂದರ ಜೋಡಿ ಇನ್ನೊಂದು ಹಚ್ಚಿಕೊಂಡ್ರ ಉಸಿರಿಗೆ ತ್ರಾಸು. ನಿಮ್ಮಷ್ಟಕ್ಕ ನೀವ ಒಮ್ಮೆಲೆ ಬಿಟ್ರೂ ತ್ರಾಸು.”

ಸುಳ್ಳು ಹೇಳಲಿಲ್ಲವಲ್ಲ ಎಂದು ಅವರ ಮೇಲೆ ಸ್ವಲ್ಪ ನಂಬಿಗೆ ಬಂತು. ಹೊರಗೆ ನರ್ಸಮ್ಮ ಸೊಸೆ ಶೋಭಾಳಿಗೆ ಹಚ್ಚುವುದನ್ನು ಕಲಿಸಿದರು. ಮೊದಲ ಸಲ ಬಲಗಡೆಯ ಹೆಗಲ ಹಿಂದೆ, ನನ್ನ ಕೈ ಮುಟ್ಟದ ಜಾಗ. ಪ್ರತಿ ಸಲ ಜಾಗ ಬದಲಿಸಬೇಕು, ಹಳೆಯದು ತೆಗೆಯದೆ ಹೊಸದು ಹಚ್ಚಬಾರದು. ಕೊನೆಗೆ ನನ್ನ ಕಡೆ ತಿರುಗಿ, “ಮತ್ತ ಹೀಟ್ ಆಗಬಾರ್ದು ನೋಡ್ರಿ ಅಮ್ಮಾ. ಹೀಟಿಂದ ದೂರ ಇರ್ರಿ” ಎಂದರು.

“ಆತ್ರಿ” ಎಂದೆ.

ನಮ್ಮ ಕಡೆ ಹೀಟ್ ಎಂದರೆ ಹೊಟ್ಟೆಗೆ ಹಾಕಿದ್ದು ಮೈಗೆ ಏರುವುದು. ಬದನೆಕಾಯಿ ಹೀಟ್. ಎಳ್ಳು ಹೀಟ್. ಪಪ್ಪಾಯಿ ಹೀಟ್. ಬಾಯಲ್ಲಿ ಹುಣ್ಣಾದರೆ ಹೀಟ್, ಕಣ್ಣು ಉರಿದರೆ ಹೀಟ್. ಮನೆಗೆ ಬಂದ ದಿನವೇ ನಾನು ಎಣ್ಣೆಗಾಯಿ ಬಿಟ್ಟೆ. ಜೋಳದ ರೊಟ್ಟಿಗೆ ಎಣ್ಣೆಗಾಯಿ ಇಲ್ಲದೆ ಊಟ ಮಾಡುವುದು ಎಂಥ ಶಿಕ್ಷೆ ಎಂದು ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಮಜ್ಜಿಗೆ, ಹೆಸರುಬೇಳೆ, ಸವತೆಕಾಯಿ. ಹೀಗೆ ಎರಡು ತಿಂಗಳು. ನನ್ನಷ್ಟು ಪಥ್ಯ ಮಾಡಿದವರು ಯಾರೂ ಇರಲಾರರು.

ಪಟ್ಟಿ ಕೆಲಸ ಮಾಡಿತು. ನಾನಾಗಿಯೇ ಎದ್ದು ಕೂತೆ. ಬಾಣಂತನಕ್ಕೆ ಮಗಳು ಬಂದಳು, ಕೂಸು ಬಂತು. ನಮ್ಮಲ್ಲಿ ಬಾಣಂತಿಯನ್ನು ಕಾಸುತ್ತಾರೆ. ಹೊರಸಿನ ಪಕ್ಕದಲ್ಲಿ ಶೆಗಡಿ ಇಟ್ಟು, ಕೆಂಡ ಹಾಕಿ, ಬಾಗಿಲು ಮುಚ್ಚಿ ಕೋಣೆಯನ್ನು ಬೆಚ್ಚಗಿಡುತ್ತಾರೆ. ಮೊದಮೊದಲು ಹಾಗೆ ಹೋಗಿ ಹೀಗೆ ಬರುತ್ತಿದ್ದೆ. ಆಮೇಲೆ ಶೆಗಡಿಗೆ ಬೆನ್ನು ಕೊಟ್ಟು ಕೂತರೆ ಆ ಬಿಸಿ ಎಲುಬಿಗೆ ಎಷ್ಟು ಹಿತ ಎಂದು ತಿಳಿಯಿತು. ತೊಡೆಯ ಮೇಲೆ ಮೊಮ್ಮಗಳು, ಬೆನ್ನಿಗೆ ಬಿಸಿ. ದಿನಗಟ್ಟಲೆ ಅಲ್ಲೇ ಕೂತೆ. ಸಂಜೆ ಹೊತ್ತಿಗೆ ಜೋಂಪು ಹತ್ತುತ್ತಿತ್ತು. ಸುಖಕ್ಕೆ ಬರುವ ನಿದ್ದೆ ಎಂದುಕೊಂಡೆ.

ಕೂಸು ಜಾರಿದ ದಿನ ಮಗ ಮತ್ತು ಶೋಭಾ ನನ್ನನ್ನು ಗಜೇಂದ್ರಗಡಕ್ಕೆ ಒಯ್ದರು. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರಂತೆ, ಉಸಿರು ಎಣಿಸಿದರಂತೆ. ಶೋಭಾ ಪಟ್ಟಿಯ ಮಾತು ಹೇಳಿದ ಕೂಡಲೇ ಅದನ್ನು ಕಿತ್ತು ತೆಗೆದರು. ಆಕ್ಸಿಜನ್, ಇಂಜೆಕ್ಷನ್. ಪಟ್ಟಿ ತೆಗೆದರೂ ಚರ್ಮದೊಳಗೆ ಔಷಧ ಉಳಿದಿರುತ್ತದೆ ಎಂದು ಮರುದಿನದ ತನಕ ಇಟ್ಟುಕೊಂಡರು. ಎಚ್ಚರ ಬಂತು. ಎಚ್ಚರದ ಜೊತೆಗೇ ನೋವೂ ಬಂತು.

ಮನೆಗೆ ಬಂದರೆ ಅಂಗಳದಲ್ಲಿ ಗಾಡಿ ನಿಂತಿತ್ತು. ರೇಣುಕಾಳ ಗಂಡ, ನಮ್ಮ ಅಳಿಯಂದಿರು, ಬೆಳವಣಕಿಯಿಂದ ಬಂದಿದ್ದರು. ಹೆಂಡತಿ, ಮಗಳನ್ನು ಕರೆದುಕೊಂಡು ಹೋಗಲು.

“ಅತ್ತಿ, ಸಿಟ್ಟಾಗಬ್ಯಾಡ್ರಿ” ಎಂದರು. “ನೋವು ಭಾಳ ಆತಂತ ಎರಡು ಪಟ್ಟಿ ಹಚ್ಚಿಕೊಂಡಿದ್ರೇನು?”

ನನ್ನ ಸಂಶಯ ಬೇರೆಯವರ ಮೇಲಿತ್ತು. “ಶೋಭಾ, ಪಲ್ಯದಾಗ ಏನ ಹಾಕಿದ್ದಿ? ಖರೇ ಹೇಳ.”

“ಹೆಸರುಬ್ಯಾಳಿ ಹಾಕಿದ್ನಿರಿ. ಬದನಿಕಾಯಿ ಹೆಸರ ತಗದ್ರೂ ಬೈತೀರಿ, ನಾ ಎಲ್ಲಿಂದ ಹಾಕ್ಲಿ?”

“ಮತ್ತ ನನ್ನ ಔಷಧಕ್ಕ ನಿನ್ನ ತಿಜೋರಿ ಕೀಲಿ ಯಾಕ?”

ಪಟ್ಟಿ ತಂದ ದಿನದಿಂದ ಶೋಭಾ ಅವನ್ನು ತನ್ನ ತಿಜೋರಿಯಲ್ಲಿಟ್ಟು ಕೀಲಿ ಹಾಕುತ್ತಿದ್ದಳು. ಆ ಪ್ರಶ್ನೆ ಎರಡು ತಿಂಗಳಿಂದ ನನ್ನ ಬಾಯಲ್ಲಿತ್ತು. ಶೋಭಾ ತಿಜೋರಿ ತೆಗೆದು ಡಬ್ಬಿ ತಂದು ಅಳಿಯಂದಿರ ಮುಂದೆ ಇಟ್ಟಳು. ಹೊಸ ಪಟ್ಟಿಗಳು ಒಂದು ಕಡೆ. ಹಳೆಯವು ಇನ್ನೊಂದು ಕಡೆ, ಅಂಟು ಒಳಗಾಗುವ ಹಾಗೆ ಮಡಚಿದ್ದು, ದವಾಖಾನೆಗೆ ವಾಪಸು ಕೊಡಲು. ಒಂದೂ ಹೆಚ್ಚು ಕಡಿಮೆ ಇರಲಿಲ್ಲ.

“ಹಳೇ ಪಟ್ಟಿಯೊಳಗೂ ಔಷಧ ಇರ್ತೈತಿ. ಕೂಸಿನ ಮೈಗೆ ಅಂಟಿದ್ರ ಕೂಸು ಉಳಿಯಂಗಿಲ್ಲ ಅಂತ ನರ್ಸಮ್ಮ ಹೇಳ್ಯಾರ” ಎಂದಳು. “ಅದಕ್ಕ ಕೀಲಿ.”

ಅಳಿಯಂದಿರು ಡಬ್ಬಿಯಿಂದ ಕೈ ಹಿಂದಕ್ಕೆ ತೆಗೆದುಕೊಂಡರು. ಆದರೂ ಗಾಡಿ ಹೋಗಲಿಲ್ಲ. ಪಟ್ಟಿ ಒಂದೇ, ಪಥ್ಯ ಸರಿ, ಹಾಗಾದರೆ ಹೀಗೆ ಯಾಕೆ ಆಯಿತು? ಕಾರಣ ತಿಳಿಯದೆ ಯಾವ ಅಪ್ಪ ಕೂಸನ್ನು ಬಿಟ್ಟು ಹೋದಾನು? ಅವರ ಜಾಗದಲ್ಲಿ ನಾನಿದ್ದರೂ ಬಿಡುತ್ತಿರಲಿಲ್ಲ. ಶೋಭಾ ಹುಬ್ಬಳ್ಳಿಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ನರ್ಸಮ್ಮ ಎಲ್ಲ ಕೇಳಿಕೊಂಡು, “ಹೀಟ್ ಏನರ ಆತೇನ್ರಿ ಅಮ್ಮಾ?” ಎಂದರು.

“ಇಲ್ರಿ, ಹೀಟ್ ಮುಟ್ಟೇ ಇಲ್ಲ. ಬದನಿಕಾಯಿ ಬಿಟ್ಟೀನಿ, ಎಳ್ಳು ಬಿಟ್ಟೀನಿ, ಪಪ್ಪಾಯಿ ಅಂತೂ ಕಣ್ಣೆತ್ತಿ ನೋಡಿಲ್ಲ.”



“ಬದನಿಕಾಯಿ ಯಾಕ ಬಿಟ್ರಿ?”

“ನೀವ ಹೇಳಿದ್ರಲ್ರಿ, ಹೀಟಿಂದ ದೂರ ಇರ್ರಿ ಅಂತ.”

“ಅಯ್ಯ, ಅದು ಹೊರಗಿನ ಬಿಸಿರಿ ಅಮ್ಮಾ. ಬಿಸಿನೀರಿನ ಚೀಲ, ಬಿಸಲು, ಬೆಂಕಿ. ಬಿಸಿ ತಾಗಿದ್ರ ಮೂರು ದಿನದ ಔಷಧ ಲಗೂನ ಮೈಯೊಳಗ ಇಳೀತೈತಿ.”

ಬಾಗಿಲಲ್ಲಿ ನಿಂತಿದ್ದ ರೇಣುಕಾ ಮೆಲ್ಲಗೆ ಹೇಳಿದಳು. “ಯವ್ವಾ, ಶೆಗಡಿ.”

ಅಳಿಯಂದಿರು ಬಾಣಂತಿ ಕೋಣೆಯ ಕಡೆ ತಿರುಗಿ ನೋಡಿದರು.

“ನಾನೂ ಬಿಡಿಸಿ ಹೇಳಬೇಕಾಗಿತ್ತು” ಎಂದರು ನರ್ಸಮ್ಮ. ಜ್ವರ ಬಂದರೂ, ಹಗಲು ಹೊತ್ತು ಬಹಳ ಜೋಂಪು ಹತ್ತಿದರೂ ಕೂಡಲೇ ಫೋನ್ ಮಾಡಿ, ಡಾಕ್ಟರು ನೋಡುವ ತನಕ ಹೊಸ ಪಟ್ಟಿ ಹಚ್ಚಬೇಡಿ ಎಂದರು. ನಾನು ಶೋಭಾಳ ಕಡೆ ನೋಡಿದೆ. ತಪ್ಪಾಯಿತು ಎನ್ನುವ ಮಾತು ಸೊಸೆಗೆ ಹೇಳಿ ನನಗೆ ರೂಢಿ ಇಲ್ಲ. “ನಾಳಿ ಎಣ್ಣೆಗಾಯಿ ಮಾಡ” ಎಂದೆ. ಅವಳಿಗೆ ತಿಳಿಯಿತು. “ಎರಡು ತಿಂಗಳದ್ದು ಒಮ್ಮೆಲೆ ತಿನ್ನಬ್ಯಾಡ್ರಿ ಮತ್ತ” ಎಂದಳು.

ಅಳಿಯಂದಿರು ನಾಲ್ಕು ದಿನ ನೋಡೋಣ ಎಂದರು. ಗಾಡಿ ಖಾಲಿ ಹೋಯಿತು.

ಮರುದಿನ ಹುಬ್ಬಳ್ಳಿಗೆ ಹೋದೆವು. ಡಾಕ್ಟರು ಪರೀಕ್ಷೆ ಮಾಡಿ ಮತ್ತೆ ಪಟ್ಟಿ ಹಚ್ಚಿಸಿದರು. ಈಗ ನಾನು ಬಾಣಂತಿ ಕೋಣೆಗೆ ಹೋಗುವುದಿಲ್ಲ, ಗಾಳಿ ಆಡುವ ಪಡಸಾಲೆಯಲ್ಲಿ ಕೂರುತ್ತೇನೆ. ಸಂಶಯ ಹೋಗಿಲ್ಲ. ಈಗ ಅದು ನನ್ನ ಮೇಲೇ ಬಂದಿದೆ. ಆಕಳಿಕೆ ಬಂದರೆ ಇದು ಬರೀ ಆಕಳಿಕೆಯೋ ಹೇಗೆ ಎಂದು ಶೋಭಾಳನ್ನು ಕೇಳುತ್ತೇನೆ. ರೋಗ ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅದು ನನಗೆ ತಿಳಿದಿದೆ. ಆದರೆ ನೋವಿಲ್ಲದ ಒಂದು ಬೆಳಗು ಎಂದರೆ ಎಷ್ಟು ದೊಡ್ಡದು ಎಂದು ಈಗ ಗೊತ್ತಾಗಿದೆ.

ಐದನೆಯ ದಿನ ಅಳಿಯಂದಿರು ಬಂದರು. ಗಾಡಿ ತಂದಿರಲಿಲ್ಲ. ಕೋಣೆಯಿಂದ ಕೂಸನ್ನು ತಾವೇ ಎತ್ತಿಕೊಂಡು ಬಂದು ನನ್ನ ತೊಡೆಯ ಮೇಲೆ ಹಾಕಿದರು.

“ನೀವು ಇಲ್ಲೇ ಕುಂದರ್ರಿ” ಎಂದೆ.

“ಕುಂತೀನಲ್ರಿ” ಎಂದು ಪಕ್ಕದಲ್ಲೇ ಕೂತರು.

ಸ್ವಲ್ಪ ಹೊತ್ತಿಗೆ ಕೂಸು ನನ್ನ ಸೀರೆ ತೋಯಿಸಿತು. ಅಳಿಯಂದಿರು ಮುಖ ಗಂಟು ಹಾಕಿಕೊಂಡೇ ಹೇಳಿದರು. “ಅತ್ತಿ, ಅದೂ ಬಿಸೀನ ಐತಿ. ನರ್ಸಮ್ಮಗ ಒಂದ ಮಾತು ಕೇಳೂಣೇನ್ರಿ?”

ಒಳಗಿನಿಂದ ರೇಣುಕಾ ನಕ್ಕಿದ್ದು ಕೇಳಿಸಿತು. ಶೋಭಾ ಅರಿವೆ ತಂದು ಕೂಸಿಗೆ ಕೈ ಚಾಚಿದಳು. ಇರಲಿ ಬಿಡು, ಇನ್ನೊಂದು ಗಳಿಗೆ ಇರಲಿ ಎಂದೆ.