ಫಾಯಿಲ್ ಆಹಾರವಲ್ಲ

ಆ ವೋಚರ್‌ನಲ್ಲಿ ಸಾಸೇಜ್ ಬರುತ್ತಿತ್ತು, ಬಣ್ಣದ ಸೋಡಾ ಬರುತ್ತಿತ್ತು, ಮೇಲೆ ಐಸಿಂಗ್ ಮೆತ್ತಿದ ಚಾಕೊಲೇಟ್ ಕೇಕ್ ಬರುತ್ತಿತ್ತು. ಅಲ್ಯೂಮಿನಿಯಂ ಫಾಯಿಲ್ ಬರುತ್ತಿರಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಫಾಯಿಲ್ ಯಾಕೆ ಬೇಕು ಅನ್ನುವವರಿಗೆ ಹೇಳಬೇಕು. ಇಲ್ಲಿನ ಪಾರ್ಕುಗಳಲ್ಲಿ ಕರೆಂಟಿನ ಬಾರ್ಬೆಕ್ಯೂ ಒಲೆಗಳಿವೆ. ಗುಂಡಿ ಒತ್ತಿದರೆ ಸ್ಟೀಲಿನ ಹಂಚು ಬಿಸಿಯಾಗುತ್ತದೆ, ಕಾಸು ಕೊಡಬೇಕಿಲ್ಲ. ಆದರೆ ಅದರ ಮೇಲೆ ಹಿಂದಿನವರು ಸುಟ್ಟ ಕುರಿ, ಹಂದಿಯ ಜಿಡ್ಡು ಅಂಟಿಕೊಂಡಿರುತ್ತದೆ. ನಮ್ಮಲ್ಲಿ ಸಸ್ಯಾಹಾರಿಗಳು ಮೊದಲು ಫಾಯಿಲ್ ಹಾಸುತ್ತಾರೆ, ಆಮೇಲೆ ಪನೀರ್ ಇಡುತ್ತಾರೆ. ನಾನು ಇದನ್ನು ಕಲಿತದ್ದು ಅಡಿಲೇಡ್‌ನಲ್ಲಿ, ಈ ದೇಶಕ್ಕೆ ಬಂದ ಹೊಸತರಲ್ಲಿ. ನಾನೇನೂ ಮಡಿ ಮೈಲಿಗೆಯವಳಲ್ಲ. ಆದರೆ ಆ ಜಿಡ್ಡಿನ ವಾಸನೆ ಹತ್ತಿದ ಪನೀರ್ ತಿಂದರೆ ನನ್ನ ಮಗಳು ವಾಂತಿ ಮಾಡಿಕೊಳ್ಳುತ್ತಾಳೆ. ಒಮ್ಮೆ ಮಾಡಿಕೊಂಡೂ ಇದ್ದಳು. ಮನೆಯಿಂದ ತವಾ ತಂದಿಟ್ಟರೆ ಆ ಒಲೆ ಅದನ್ನು ಕಾಯಿಸುವಷ್ಟರಲ್ಲಿ ಸಂಜೆಯಾಗುತ್ತದೆ.

ಅವಳಿಗೆ ಎಂಟು ವರ್ಷ ತುಂಬುವುದಿತ್ತು. ಕ್ಲಾಸಿನ ಎಲ್ಲರ ಹಾಗೆ ತನಗೂ ನದಿ ದಂಡೆಯ ಪಾರ್ಕಿನಲ್ಲಿ ಬಾರ್ಬಿ, ಅಂದರೆ ಬಾರ್ಬೆಕ್ಯೂ ಪಾರ್ಟಿ, ಬೇಕು ಅಂದಿದ್ದಳು. ನಾವು ಆಗ ಅಡಿಲೇಡ್ ಬಿಟ್ಟು ಬಂದು, ಬೆಂಟ್ಲಿ ಅನ್ನುವ ಬಡಾವಣೆಯ ಹತ್ತಿರ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಗಂಡ ಜಿಯಾಲಜಿಸ್ಟ್. ಎರಡು ವಾರ ಉತ್ತರದ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ ಅನ್ನುವ ಕೆಲಸ. ಕಂಪನಿ ಹೊಸ ಅದಿರು ಹುಡುಕುವುದನ್ನೇ ನಿಲ್ಲಿಸಿ, ಹುಡುಕುವವರನ್ನೆಲ್ಲ ಮನೆಗೆ ಕಳಿಸಿತ್ತು. ನಮ್ಮ ವೀಸಾದವರು ತೆರಿಗೆ ಕಟ್ಟಬಹುದು, ಕೆಲಸ ಹೋದರೆ ಸರ್ಕಾರದ ಭತ್ಯೆ ಕೇಳುವಂತಿಲ್ಲ.

"ಬೇರೆ ಕೆಲಸ ಸಿಗೋವರ್ಗೂ ಯಾರ್ಗೂ ಹೇಳ್ಬೇಡ," ಅಂದಿದ್ದರು ಅವರು. "ಇಲ್ಲಿ ನಮ್ಮೋರೆಲ್ಲ ಮೈನಿಂಗ್‌ನಲ್ಲೇ ಇದಾರೆ. ತೆಗೆದುಹಾಕಿದಾರೆ ಅಂತ ಗೊತ್ತಾದ್ರೆ ಮುಗೀತು, ಯಾರೂ ಕೆಲ್ಸಕ್ಕೆ ಕರೆಯಲ್ಲ."

ಹಾಗಾಗಿ ಅವರು ಉದ್ದದ ರಜೆಯ ಮೇಲಿದ್ದರು. ಕನ್ನಡದ ಮನೆಗಳಿಗೂ ಅದೇ ಮಾತು, ಮಗಳಿಗೂ ಅದೇ ಮಾತು. ಹುಟ್ಟುಹಬ್ಬ ಮಾಡದಿದ್ದರೆ ಜನ ಯಾಕೆ ಅಂತ ಕೇಳುತ್ತಾರೆ. ಮಾಡಲೇಬೇಕಿತ್ತು, ಮಾಡಿದಂತೆ ಕಾಣಲೂಬೇಕಿತ್ತು.

ವೋಚರ್ ಕೊಟ್ಟದ್ದು ಒಂದು ದತ್ತಿ ಸಂಸ್ಥೆ. ಕೊಟ್ಟ ಹೆಂಗಸು ನನಗೆ ಚಹಾ ಮಾಡಿಕೊಟ್ಟು, ಮಗಳ ಹೆಸರು ಕೇಳಿ, ಬಾಗಿಲವರೆಗೆ ಬಂದು ಕಳಿಸಿದರು. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಬರಬಹುದಿತ್ತು. ಸೂಪರ್‌ಮಾರ್ಕೆಟ್ಟಿನಲ್ಲಿ ನಡೆಯುವ ಕಾರ್ಡು ಅದು. ಹೆಂಡ, ಸಿಗರೇಟು ಬರುವುದಿಲ್ಲ ಅಂದರು. ಸರಿ, ನಮಗೆ ಬೇಡ. ಆಹಾರ ಮಾತ್ರ ಅಂದರು. ಅದಕ್ಕೂ ತಲೆಯಾಡಿಸಿದೆ. ಆ ಎರಡು ಪದಗಳ ಅರ್ಥ ತಿಳಿದದ್ದು ಕ್ಯಾಶ್ ಕೌಂಟರಿನಲ್ಲಿ.

ಕೌಂಟರಿನ ಹುಡುಗಿ ಒಂದೊಂದೇ ಸಾಮಾನು ಬೀಪ್ ಅನ್ನಿಸಿದಳು. ಕ್ಲಾಸಿನ ಮಕ್ಕಳಿಗೆ ಸಾಸೇಜ್, ನಮಗೆ ಪನೀರ್, ಜೋಳ, ದೊಣ್ಣೆಮೆಣಸಿನಕಾಯಿ, ಕೇಕ್. ನಾನು ಕಾರ್ಡ್ ಕೊಟ್ಟೆ. ಅವಳು ಅದನ್ನು ತಿರುಗಿಸಿ ನೋಡಿ, ಫಾಯಿಲ್, ಪೇಪರ್ ತಟ್ಟೆ, ಮೇಣದಬತ್ತಿ, ಪಾತ್ರೆ ತೊಳೆಯುವ ಸೋಪು ಇಷ್ಟನ್ನೂ ಪಕ್ಕಕ್ಕೆ ಸರಿಸಿದಳು.

"ಸಾರಿ ಲವ್, ಫುಡ್ ಓನ್ಲಿ."

"ಇದಿಲ್ಲದೆ ಅಡುಗೆ ಮಾಡೋದು ಹೇಗೆ?" ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಅವಳು ಭುಜ ಕುಣಿಸಿದಳು. ಅವಳದೇನು ತಪ್ಪು? ತಪ್ಪು ಎಲ್ಲೋ ಎಸಿ ರೂಮಿನಲ್ಲಿ ಕೂತು, ಇಲ್ಲದವರಿಗೆ ಏನು ಬೇಕು ಏನು ಬೇಡ ಅಂತ ತೀರ್ಮಾನಿಸಿದವರದು. ಇಲ್ಲದವರು ತಿನ್ನಬೇಕಂತೆ, ತಟ್ಟೆ ಬೇಡವಂತೆ, ತಿಂದ ಪಾತ್ರೆ ತೊಳೆಯುವುದೂ ಬೇಡವಂತೆ. ಹಂದಿಯ ಸಾಸೇಜ್ ಅಗತ್ಯದ ಪಟ್ಟಿಯಲ್ಲಿದೆ, ಅದು ಸೋಕದಂತೆ ತಿನ್ನುವುದು ಶೋಕಿ. ಅವರ ಮನೆಯ ಊಟ ಹೇಗೋ ಎಲ್ಲರ ಮನೆಯ ಊಟವೂ ಹಾಗೆಯೇ ಅಂದುಕೊಂಡ ದರಿದ್ರ ಬುದ್ಧಿ ಅದು.

ಅಷ್ಟರಲ್ಲಿ ಹಿಂದಿನಿಂದ ಕನ್ನಡ ಕೇಳಿಸಿತು. "ಏನಮ್ಮಾ, ಪಾರ್ಟಿ ಶಾಪಿಂಗಾ?" ನಮ್ಮ ಕನ್ನಡ ಬಳಗದ ಹಿರಿಯ ಆಂಟಿ, ಟ್ರಾಲಿ ಹಿಡಿದು ಸಾಲಿನಲ್ಲಿ ನಿಂತಿದ್ದರು. ಅವರ ಯಜಮಾನರು ದೊಡ್ಡ ಗಣಿ ಕಂಪನಿಯೊಂದರಲ್ಲಿ ಮೇಲಿನ ಹುದ್ದೆಯವರು. ಅವರ ಕಿವಿಗೆ ಬೀಳಬಾರದು ಅಂತಲೇ ನಾವು ಇಷ್ಟು ದಿನ ನಾಟಕ ಆಡಿದ್ದು.

"ಹೂಂ ಆಂಟಿ. ಫಾಯಿಲ್ ಮನೇಲಿದೆ, ಮರೆತು ತಗೊಂಡ್ಬಿಟ್ಟಿದ್ದೆ," ಅಂದೆ. ಫಾಯಿಲ್ ಬಗ್ಗೆ ಅವರು ಪ್ರಶ್ನೆಯನ್ನೇ ಕೇಳಿರಲಿಲ್ಲ.

ಅವತ್ತು ಬೆಳಿಗ್ಗೆಯಷ್ಟೇ ಇದ್ದ ಹಣವೆಲ್ಲ ಬಾಡಿಗೆಗೆ ಹೋಗಿತ್ತು. ಪರ್ಸಿನ ಚಿಲ್ಲರೆ ಮೇಣದಬತ್ತಿಗೆ ಸಾಕಾಯಿತು, ಫಾಯಿಲಿಗೆ ಸಾಕಾಗಲಿಲ್ಲ. ಆಂಟಿ ಹೋಗುವವರೆಗೆ ಹೊರಗೆ ನಿಂತಿದ್ದು ಮತ್ತೆ ಒಳಗೆ ಹೋದೆ. ಫ್ರೀಜರ್‌ನಲ್ಲಿ ಆ್ಯಪಲ್ ಪೈಗಳಿದ್ದವು, ಒಂದೊಂದೂ ಫಾಯಿಲ್ ಬಟ್ಟಲಿನಲ್ಲಿ. ಕಾರ್ಡಿನಲ್ಲಿ ಉಳಿದದ್ದಕ್ಕೆಲ್ಲ ಪೈ ತೆಗೆದುಕೊಂಡೆ. ಮೆಷಿನ್ನು ಚಕಾರ ಎತ್ತಲಿಲ್ಲ. ಮೇಲೆ ಸಕ್ಕರೆ, ಮೈದಾ ಇದ್ದರೆ ಫಾಯಿಲ್ ಕೂಡ ಆಹಾರವಾಗುತ್ತದೆ. ಒಂದು ವಾರ ಮೂವರೂ ಪೈ ತಿಂದೆವು. ಮಗಳು ಮೂರನೆಯ ದಿನ ಮುಖ ತಿರುಗಿಸಿದಳು, ಆದರೂ ತಿಂದಳು. ನಾನು ಬಟ್ಟಲುಗಳನ್ನು ತೊಳೆದು, ಅಂಚು ಕತ್ತರಿಸಿ, ಲಟ್ಟಣಿಗೆಯಿಂದ ಚಪ್ಪಟೆ ಮಾಡಿ ಇಟ್ಟೆ.

ಪಾರ್ಟಿಯ ದಿನ ಬಿಸಿಲು ಚೆನ್ನಾಗಿತ್ತು. ಗಂಡ ಒಲೆಯ ಒಂದು ಬದಿಯಲ್ಲಿ ಸಾಸೇಜ್ ತಿರುವುತ್ತ, ಗಣಿಯ ಕಥೆಗಳನ್ನು ನಿನ್ನೆ ಮೊನ್ನೆ ನಡೆದವು ಅನ್ನುವ ಹಾಗೆ ಹೇಳುತ್ತಿದ್ದರು. ಇನ್ನೊಂದು ಬದಿಯಲ್ಲಿ ನಾನು ಆ ಸಣ್ಣ ಸಣ್ಣ ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು ಪನೀರ್ ಜೋಡಿಸಿದೆ. ಗಾಳಿಗೆ ತುಂಡುಗಳು ಏಳುತ್ತಿದ್ದವು. ಸಾಸೇಜಿನ ಜಿಡ್ಡು ಸಂದಿಗಳಲ್ಲಿ ಹರಿದು ಬರುತ್ತಿತ್ತು, ನಾನು ಒರೆಸುತ್ತಿದ್ದೆ.

ಆಂಟಿ ಬಂದವರು ಬ್ಯಾಗಿನಿಂದ ದೊಡ್ಡದೊಂದು ಫಾಯಿಲ್ ರೋಲ್ ತೆಗೆದು ಎಲ್ಲರ ನಡುವೆ ನನ್ನ ಕಡೆ ಚಾಚಿದರು.

"ತಗೊಳಮ್ಮ. ಅವತ್ತು ಅಂಗಡೀಲಿ ವಾಪಸ್ ಇಟ್ಯಲ್ಲ, ನೋಡ್ದೆ. ಆ ಕಾರ್ಡೂ ನೋಡ್ದೆ. ಪಾಪ, ಒಂದ್ ಮಾತು ಹೇಳಿದ್ರೆ ನಾವೇ ಎಲ್ಲ ಮಾಡ್ತಿದ್ವಲ್ಲ."

ಮೆಲ್ಲಗೆ ಹೇಳಬಹುದಿತ್ತು. ರೋಲನ್ನು ಸುಮ್ಮನೆ ಮೇಜಿನ ಮೇಲಿಟ್ಟು ಹೋಗಬಹುದಿತ್ತು. ಗಂಡನ ಕಥೆ ಅರ್ಧಕ್ಕೇ ನಿಂತಿತು. ಸುತ್ತಲಿದ್ದ ಕನ್ನಡದವರೆಲ್ಲ ಇತ್ತ ತಿರುಗಿದರು. ನನಗೆ ರೇಗಿಹೋಯಿತು.

"ಪಾಪ ಅನ್ಬೇಡಿ ಆಂಟಿ," ಅಂದೆ. ನನ್ನ ದನಿ ಪಾರ್ಕಿಗೆಲ್ಲ ಕೇಳುವಷ್ಟು ಏರಿತ್ತು. "ಇವ್ರ ಕೆಲಸ ಹೋಗಿದೆ. ರಜೆ ಅಲ್ಲ, ಕೆಲಸಾನೇ ಹೋಗಿದೆ. ಇವತ್ತಿನ್ ಊಟ ಪೂರ್ತಿ ದಾನದ ಕಾರ್ಡಿಂದು. ಅದ್ರಲ್ಲಿ ಸಾಸೇಜ್ ಬರತ್ತೆ, ಫಾಯಿಲ್ ಬರಲ್ಲ. ಅದಕ್ಕೇ ಒಂದ್ ವಾರ ಪೈ ತಿಂದು ಇದನ್ನ ಹಾಸಿದೀನಿ. ಈಗ ಗೊತ್ತಾಯ್ತಲ್ಲ ಎಲ್ರಿಗೂ? ತಿನ್ನಿ."

ಗಂಡ ಇಕ್ಕಳ ಹಿಡಿದುಕೊಂಡು ನೆಲ ನೋಡುತ್ತಿದ್ದರು. ಆಗ ಮಗಳು ಕಣ್ಣಿಗೆ ಬಿದ್ದಳು. ನನ್ನಿಂದ ಎರಡೇ ಹೆಜ್ಜೆ ದೂರದಲ್ಲಿ, ತಲೆಯ ಮೇಲೆ ಕಾಗದದ ಕಿರೀಟ ಇಟ್ಟುಕೊಂಡು ನಿಂತಿದ್ದಳು. ಅವಳು ಕನ್ನಡ ಆಡುವುದಿಲ್ಲ, ಆದರೆ ಒಂದಕ್ಷರ ಬಿಡದೆ ಅರ್ಥ ಮಾಡಿಕೊಳ್ಳುತ್ತಾಳೆ. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

ಪಕ್ಕದಲ್ಲಿದ್ದ ಕ್ಲಾಸಿನ ಗೆಳತಿ ಅವಳ ತೋಳು ಹಿಡಿದು ಕೇಳಿದಳು, "ವಾಟ್ಸ್ ಯುವರ್ ಮಮ್ ಸೇಯಿಂಗ್?"

ಮಗಳು ನನ್ನನ್ನೊಮ್ಮೆ ನೋಡಿದಳು.

"ಶೀ ಸೇಡ್ ದ ಫುಡ್ಸ್ ರೆಡಿ," ಅಂದಳು.

ತಡವರಿಸಲಿಲ್ಲ, ಕಣ್ಣು ತಪ್ಪಿಸಲಿಲ್ಲ. ನಾವಿಬ್ಬರೂ ಇಷ್ಟು ದಿನ ಹೇಳಿದ ಸುಳ್ಳುಗಳಿಗಿಂತ ಸಲೀಸಾಗಿ ಹೇಳಿದಳು. ಎಷ್ಟು ದಿನದಿಂದ ಗೊತ್ತಿತ್ತೋ ನಾನು ಇವತ್ತಿಗೂ ಕೇಳಿಲ್ಲ. ಅವಳು ಗೆಳತಿಯನ್ನು ಕರೆದುಕೊಂಡು ಬಂದು ನನ್ನ ಮುಂದೆ ತಟ್ಟೆ ಹಿಡಿದಳು. ನಾನು ಪನೀರ್ ಬಡಿಸಿದೆ.