ಧಾರೆಯ ಹೊತ್ತಿನ ಕರೆಂಟು

ಮದ್ದೂರಿನಲ್ಲಿ ಉಳ್ಳವರ ಮನೆಗೆ ಮಾತ್ರ ಕರೆಂಟಿದ್ದ ಕಾಲ ಅದು. ಯುದ್ಧದ ದಿನಗಳು, ಸೀಮೆಎಣ್ಣೆಗೂ ಬರ. ಅಪ್ಪ ಊರಿಗೆಲ್ಲ ಬೆಳಕು ಕೊಡುವ ಲೈನ್‌ಮನ್ನು, ನಮ್ಮ ಮನೆಯಲ್ಲಿ ಮಾತ್ರ ಬುಡ್ಡಿ ದೀಪ. ಆ ಬೆಳಕಿನಲ್ಲೇ ಅಪ್ಪ ಬಿಸಿ ಮುದ್ದೆ ಮುರಿದು ಮೊದಲ ತುತ್ತನ್ನು ನನ್ನ ಬಾಯಿಗಿಡುತ್ತಿದ್ದ.

ಆ ಬೇಸಿಗೆಯಲ್ಲಿ ಅಕ್ಕಿ ಗಿರಣಿ ಸಾಹುಕಾರನ ಮಗಳ ಮದುವೆ, ಗೋಧೂಳಿ ಲಗ್ನ. ಬೀದಿಯಲ್ಲೆಲ್ಲ ಹಸಿ ತೆಂಗಿನಗರಿ, ಒಬ್ಬಟ್ಟಿನ ವಾಸನೆ. ನಾವು ಹುಡುಗಿಯರು ಚಪ್ಪರದಡಿ ಕುಂಟೆಬಿಲ್ಲೆ ಆಡುತ್ತಿದ್ದೆವು. ಮಧ್ಯಾಹ್ನ ಗಾಳಿಯೆದ್ದು, ಹುಣಸೆ ಕೊಂಬೆ ಬಿದ್ದು, ಆ ಮನೆ ಮುಂದಿನ ತಂತಿ ಹರಿಯಿತು. ಅಪ್ಪ ಲೈನು ಬಂದ್ ಮಾಡಿಸಿ ಬಂದ. ಅಷ್ಟರಲ್ಲಿ ಸಾಹುಕಾರ ಗಿರಣಿಯ ಎಣ್ಣೆ ಎಂಜಿನ್ನಿಗೆ ಡೈನಮೊ ಕಟ್ಟಿಸಿ, ಅದನ್ನು ಮನೆಯ ವೈರಿಂಗಿಗೆ ಜೋಡಿಸಿದ್ದ.

“ಸಾವ್ಕಾರ್ರೇ, ಎಂಜಿನ್ ಸುರು ಮಾಡೋಕ್ ಮುಂಚೆ ಮೇನ್ ಸ್ವಿಚ್ಚು ಕೆಳೀಕೆ ಎಳೀರಿ. ಇಲ್ದಿದ್ರೆ ನಿಮ್ ಕರೆಂಟು ಬೀದಿ ತಂತೀಗೂ ಬತ್ತದೆ. ನಾನು ಕಂಬದ ಮ್ಯಾಲಿರ್ತೀನಿ.”

“ಆಯ್ತು ಓಗ್ಲಾ, ಎಳೀತೀನಿ.”

ಎಳೆಯಲು ಹೋದನಂತೆ. ಅವನ ತಾಯಿ ಅಡ್ಡ ನಿಂತಳಂತೆ. ಅಡುಗೆಯವರು ಕಿವಿಯಾರೆ ಕೇಳಿ ಆಮೇಲೆ ಅವ್ವನಿಗೆ ಹೇಳಿದ್ದಿದು: “ಧಾರೆ ಒತ್ನಲ್ಲಿ ದೀಪದ ಸ್ವಿಚ್ಚು ಇಳುಸ್ತಾರೇನ್ಲಾ? ಮನೆ ದೀಪ ಆರಿಸ್ದಂಗಲ್ವಾ? ಬುಡು!” ಬಿಟ್ಟ. ಥೂ! ಆಗಲೇ ಆರಿಹೋಗಿದ್ದ ದೀಪವನ್ನು ಇನ್ನೇನು ಆರಿಸುವುದಿತ್ತು?

ಎಂಜಿನ್ನು ಶುರುವಾಗಿ ಬಲ್ಬುಗಳೆಲ್ಲ ಹತ್ತಿಕೊಂಡವು. ಜನ ಹೋ ಎಂದರು. ಅದೇ ಗಳಿಗೆಯಲ್ಲಿ ಅಪ್ಪ ಕಂಬದಿಂದ ಬಿದ್ದ. ನಾನು ಕಿರುಚಿದ್ದು ವಾಲಗದಲ್ಲಿ ಯಾರಿಗೂ ಕೇಳಿಸಲಿಲ್ಲ. ಜೀವ ಉಳಿಯಿತು, ಬಲಗೈ ಸುಟ್ಟು ಬೆರಳುಗಳು ಮುರುಟಿಹೋದವು.

ಮಾರನೆಯ ದಿನ ಆ ಮುದುಕಿ ಒಬ್ಬಟ್ಟಿನ ಬುಟ್ಟಿ ಹೊರಿಸಿಕೊಂಡು ಬಂದಳು. “ಸುಭಕಾರ್ಯ ನಿಲ್ನಿಲ್ಲ ಕಣಮ್ಮ, ದ್ಯಾವ್ರು ದೊಡ್ಡೋನು.”

ಅವ್ವ ಬುಟ್ಟಿಯನ್ನು ಬೀದಿಗೆಸೆದಳು. “ನಿಮ್ಮನೆ ದೀಪ ಉರೀಲಿ ಅಂತ ನನ್ ಗಂಡನ್ ಕೈ ಸುಟ್ರಲ್ಲಾ! ನಿಮ್ ಒಬ್ಬಟ್ಟಿಗಿಷ್ಟು ಬೆಂಕಿ ಬೀಳ!”

ಈಗ ನನ್ನ ಮಗನ ಮನೆಯಲ್ಲೂ ಜನರೇಟರಿದೆ. ಗೋಡೆಯಲ್ಲೊಂದು ಸ್ವಿಚ್ಚಿನ ಹಿಡಿ: ಮೇಲಕ್ಕೆತ್ತಿದರೆ ಬೀದಿಯ ಕರೆಂಟು, ಕೆಳಗಿಳಿಸಿದರೆ ಜನರೇಟರಿನದು. ಎರಡೂ ಒಟ್ಟಿಗೆ ಸೇರುವ ಮಾತೇ ಇಲ್ಲ. ಮೊಮ್ಮಗಳು ಆಡುತ್ತಾಡುತ್ತ ಅದನ್ನು ಇಳಿಸುತ್ತಾಳೆ. ಇಷ್ಟೇ ಕೆಲಸ! ಇಷ್ಟಕ್ಕೆ ಕೈ ಬರಲಿಲ್ಲವಲ್ಲ ಆ ಮನೆಹಾಳರಿಗೆ ಎಂದು ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಅಪ್ಪ ಆಮೇಲೆ ಎಡಗೈಯಲ್ಲಿ ಉಣ್ಣುವುದನ್ನು ಕಲಿತ. ಯಾರ ಮದುವೆಯಲ್ಲೂ ಪಂಕ್ತಿಗೆ ಕೂರಲಿಲ್ಲ. ನಾನು ಬಾಯಿ ತೆರೆದುಕೊಂಡು ಎದುರು ಕೂತರೆ, “ಎಡಗೈ ಕಣವ್ವ” ಎಂದು ಗೋಡೆ ಕಡೆ ತಿರುಗಿ ಉಣ್ಣುತ್ತಿದ್ದ.